ಮನೆ ಡೇಕೇರ್‌ಗೆ ಮಗುವನ್ನು ಬಿಡುವ ಮುನ್ನ

ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರು ನಮ್ಮ ಸಂಘದವರನ್ನು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: "ಮಗೂನ ನೋಡಿಕೊಳ್ಳೋರು ಯಾರಾದ್ರೂ ಇದ್ದಾರಾ? ಮನೆ ಊಟ ಕೊಟ್ಟು, ಕನ್ನಡ ಮಾತಾಡಿದ್ರೆ ಇನ್ನೂ ಒಳ್ಳೇದು." ಊರಲ್ಲಾದರೆ ಅಜ್ಜಿ, ಅತ್ತೆ ಯಾರಾದರೂ ಇರುತ್ತಿದ್ದರು. ಇಲ್ಲಿ ಮನೆಯಲ್ಲೇ ಡೇಕೇರ್ ನಡೆಸುವವರನ್ನು ಹುಡುಕಬೇಕಾಗುತ್ತದೆ.

ನಾವು ಬಂದ ಹೊಸದರಲ್ಲಿ ಮಗಳನ್ನು ಒಬ್ಬರ ಮನೆಗೆ ಬಿಡುತ್ತಿದ್ದೆವು. ಲೈಸೆನ್ಸ್ ಇದೆಯಾ ಅಂತ ಕೇಳಿದ್ದಕ್ಕೆ, "ಸಿಟಿಯವರು ಪರ್ಮಿಷನ್ ಕೊಡಲ್ಲ, ಅದಕ್ಕೇ ಮಾಡಿಸಿಲ್ಲ" ಅಂದಿದ್ದರು. ನಂಬಿದೆವು. ಎರಡು ತಿಂಗಳಾದ ಮೇಲೆ ಒಂದು ದಿನ ಬೇಗ ಹೋದೆ. ಹನ್ನೊಂದು ಮಕ್ಕಳು, ನೋಡಿಕೊಳ್ಳಲು ಅವರೊಬ್ಬರೇ. ಅವತ್ತೇ ಬಿಡಿಸಿದೆವು.

ಆ ಮಾತನ್ನು ನೀವು ನಂಬಬೇಡಿ. ಇಲ್ಲಿ ಮನೆ ಡೇಕೇರ್‌ಗೆ ಲೈಸೆನ್ಸ್ ಕೊಡುವುದು ಸಿಟಿ ಅಲ್ಲ, ರಾಜ್ಯ. ರಾಜ್ಯದ ಸೋಶಿಯಲ್ ಸರ್ವೀಸಸ್ ಇಲಾಖೆಯ ಕಮ್ಯುನಿಟಿ ಕೇರ್ ಲೈಸೆನ್ಸಿಂಗ್ ವಿಭಾಗ ಅದನ್ನು ನೋಡಿಕೊಳ್ಳುತ್ತದೆ. ಮೊದಲು ಹೆಚ್ಚು ಮಕ್ಕಳನ್ನು ಇಟ್ಟುಕೊಳ್ಳುವ ದೊಡ್ಡ ಮನೆ ಡೇಕೇರ್‌ಗಳಿಗೆ ಸಿಟಿಯವರು ಬೇರೆ ಪರ್ಮಿಟ್ ಕೇಳಬಹುದಿತ್ತು, ಅದಕ್ಕೆ ದುಡ್ಡೂ ಕಟ್ಟಬೇಕಿತ್ತು. ಎಸ್‌ಬಿ 234 ಎಂಬ ಕಾನೂನು ಬಂದು 2020ರ ಜನವರಿ 1ರಿಂದ ಅದು ನಿಂತಿತು. ಈಗ ಚಿಕ್ಕದಿರಲಿ, ದೊಡ್ಡದಿರಲಿ, ಲೈಸೆನ್ಸ್ ಇರುವ ಮನೆ ಡೇಕೇರ್ ಅಂದರೆ ಸಿಟಿಯ ಲೆಕ್ಕದಲ್ಲಿ ಬರೀ ಮನೆಯೇ. ಜೋನಿಂಗ್ ಪರ್ಮಿಟ್ (ಆ ಜಾಗವನ್ನು ಇಂಥ ಕೆಲಸಕ್ಕೆ ಬಳಸಲು ಸಿಟಿ ಕೊಡುವ ಅನುಮತಿ) ಬೇಕಿಲ್ಲ, ಬಿಸಿನೆಸ್ ಲೈಸೆನ್ಸ್ ಶುಲ್ಕವೂ ಇಲ್ಲ. ಬಾಡಿಗೆ ಮನೆಯಾದರೆ ಓನರ್‌ಗೆ 30 ದಿನ ಮುಂಚೆ ಬರೆದು ತಿಳಿಸಬೇಕು. ಆದರೆ ಡೇಕೇರ್ ಅನ್ನುವ ಕಾರಣಕ್ಕೇ ಅವರು ಬೇಡ ಅನ್ನುವಂತಿಲ್ಲ. ಎಚ್‌ಒಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ, ಕೂಡ ಅಷ್ಟೇ.

ಸಿಟಿಗೆ ಏನೂ ಉಳಿದಿಲ್ಲ ಅಂತಲ್ಲ. ಗಲಾಟೆ, ಪಾರ್ಕಿಂಗ್ ಬಗ್ಗೆ ಬೀದಿಯ ಎಲ್ಲಾ ಮನೆಗಳಿಗೂ ಇರುವ ನಿಯಮ ಇವರಿಗೂ ಇರುತ್ತದೆ. ದೊಡ್ಡ ಡೇಕೇರ್ ಆದರೆ ಅಗ್ನಿಶಾಮಕದವರು ಬಂದು ನೋಡಿ ಒಪ್ಪಿಗೆ ಕೊಡಬೇಕು. ಬರುವವರು ನಿಮ್ಮ ಊರಿನವರೇ ಇರಬಹುದು, ನಿಯಮ ಮಾತ್ರ ರಾಜ್ಯದ್ದು.

ಇನ್ನು ಮಕ್ಕಳ ಲೆಕ್ಕ. ಇದು ಗೊತ್ತಿದ್ದರೆ ಬಾಗಿಲಲ್ಲಿ ನಿಂತೇ ಅರ್ಧ ವಿಷಯ ತಿಳಿಯುತ್ತದೆ. ಚಿಕ್ಕ ಲೈಸೆನ್ಸ್‌ನಲ್ಲಿ 6 ಮಕ್ಕಳು. ಶಾಲೆಗೆ ಹೋಗುವ ಮಕ್ಕಳಿದ್ದು ಇನ್ನೂ ಕೆಲವು ಷರತ್ತು ಪೂರೈಸಿದರೆ 8. ಬರೀ ಎರಡು ವರ್ಷದೊಳಗಿನ ಕೂಸುಗಳಾದರೆ 4ಕ್ಕಿಂತ ಜಾಸ್ತಿ ಇಲ್ಲ. ದೊಡ್ಡ ಲೈಸೆನ್ಸ್‌ನಲ್ಲಿ 12, ಷರತ್ತಿನ ಮೇಲೆ 14, ಆದರೆ ಜೊತೆಗೆ ಸಹಾಯಕರೊಬ್ಬರು ಇರಲೇಬೇಕು. ನಡೆಸುವವರ ಸ್ವಂತ ಮಕ್ಕಳು 10 ವರ್ಷದೊಳಗಿದ್ದರೆ ಅವರೂ ಈ ಲೆಕ್ಕದಲ್ಲೇ ಬರುತ್ತಾರೆ.

ಲೈಸೆನ್ಸ್ ಬೇಡವಾದ ಸಂದರ್ಭವೂ ಇದೆ. ತಮ್ಮ ಮಕ್ಕಳ ಜೊತೆ ಬೇರೆ ಒಂದೇ ಒಂದು ಕುಟುಂಬದ ಮಕ್ಕಳನ್ನು ನೋಡಿಕೊಂಡರೆ ಬೇಡ. ಗೆಳತಿ ನಿಮ್ಮ ಮಗುವನ್ನು ನೋಡಿಕೊಳ್ಳುತ್ತಿದ್ದು, ಕೆಳಗಿನ ಫ್ಲಾಟಿನವರೂ "ನಮ್ಮದನ್ನೂ ನೋಡ್ಕೊಳ್ಳಿ" ಅಂದು ಅವರು ಒಪ್ಪಿದರೋ, ಅಲ್ಲಿಂದ ಲೈಸೆನ್ಸ್ ಬೇಕು. ಒಳ್ಳೆಯ ಮನಸ್ಸಿನಿಂದಲೇ ನಮ್ಮವರು ಜಾಸ್ತಿ ಎಡವುವುದು ಇಲ್ಲೇ.

ಮನೆ ನೋಡಲು ಹೋದಾಗ ಗೋಡೆಯ ಮೇಲೆ ಲೈಸೆನ್ಸ್ ಹಾಕಿದ್ದಾರಾ ನೋಡಿ. ಆ ನಂಬರನ್ನು ರಾಜ್ಯದ ಲೈಸೆನ್ಸಿಂಗ್ ವೆಬ್‌ಸೈಟಿನಲ್ಲಿ ಹಾಕಿದರೆ ತಪಾಸಣೆಯ ವರದಿ ಸಿಗುತ್ತದೆ. ಸೇರಿಸಿದ ಮೇಲೂ, ಮಕ್ಕಳಿರುವ ಹೊತ್ತಿನಲ್ಲಿ ಮೊದಲೇ ಹೇಳದೆ ಒಳಗೆ ಹೋಗಿ ನೋಡುವ ಹಕ್ಕು ನಿಮಗಿದೆ. ದಾಕ್ಷಿಣ್ಯ ಮಾಡಿಕೊಳ್ಳಬೇಡಿ. ಹಿತ್ತಲಲ್ಲಿ ಈಜುಕೊಳವಿದ್ದರೆ ಸುತ್ತ 5 ಅಡಿ ಬೇಲಿ ಇದೆಯಾ ನೋಡಿ. ನಿದ್ದೆಯ ಬಗ್ಗೆಯೂ ಕೇಳಿ. ವರ್ಷದೊಳಗಿನ ಮಗುವನ್ನು ಅಂಗಾತ ಮಲಗಿಸಬೇಕು, ಕ್ರಿಬ್‌ನಲ್ಲಿ ದಿಂಬು ಹೊದಿಕೆ ಇರಬಾರದು, ಬಟ್ಟೆಯಲ್ಲಿ ಸುತ್ತಬಾರದು, ಮಲಗಿದ ಮೇಲೆ 15 ನಿಮಿಷಕ್ಕೊಮ್ಮೆ ನೋಡಬೇಕು. ನಮ್ಮ ಕಡೆ ಕೂಸನ್ನು ಬೆಚ್ಚಗೆ ಸುತ್ತಿ ತೊಟ್ಟಿಲಲ್ಲಿ ತೂಗುವುದು ರೂಢಿ, ಅಲ್ವಾ? "ನಮ್ಮ ಮಗುಗೆ ಹಾಗೇ ಮಾಡಿ" ಅಂತ ಅವರನ್ನು ಒತ್ತಾಯಿಸಬೇಡಿ. ಉಸಿರು ಕಟ್ಟುವ ಅಪಾಯ ತಪ್ಪಿಸಲೆಂದೇ ಆ ನಿಯಮ ಇರುವುದು.

ನೀವೇ ಡೇಕೇರ್ ಶುರು ಮಾಡಬೇಕು ಅಂತಿದ್ದೀರಾ? ಖಂಡಿತ ಮಾಡಿ. ಆದರೆ ಮೊದಲು ವೀಸಾ ನೋಡಿಕೊಳ್ಳಿ. ಎಚ್-4ರಲ್ಲಿದ್ದು (ಎಚ್-1ಬಿಯಂಥ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಗೆ ಸಿಗುವ ವೀಸಾ) ಇಎಡಿ, ಅಂದರೆ ಕೆಲಸ ಮಾಡುವ ಅನುಮತಿ ಪತ್ರ, ಇಲ್ಲದಿದ್ದರೆ ಮನೆಯಲ್ಲಿ ಕೂತು ಮಾಡಿದರೂ ದುಡ್ಡು ತೆಗೆದುಕೊಳ್ಳುವ ಕೆಲಸ ಕೆಲಸವೇ, ಮಾಡುವಂತಿಲ್ಲ. ಊರಿಂದ ವಿಸಿಟರ್ ವೀಸಾದಲ್ಲಿ ಬಂದ ಅಮ್ಮ ಬೇರೆಯವರ ಮಕ್ಕಳನ್ನು ನೋಡಿಕೊಂಡು ದುಡ್ಡು ತೆಗೆದುಕೊಳ್ಳುವುದೂ ಹಾಗೆಯೇ ತಪ್ಪು. ಲೈಸೆನ್ಸ್‌ಗೆ ಮನೆಯಲ್ಲಿ ವಾಸವಿರುವ 18 ತುಂಬಿದ ಎಲ್ಲರೂ ಬೆರಳಚ್ಚು ಕೊಡಬೇಕು. ಅತ್ತೆ ಮಾವ ಆರು ತಿಂಗಳು ಇರಲು ಬರುವವರಿದ್ದರೆ ಟಿಕೆಟ್ ಮಾಡಿಸುವಾಗಲೇ ಲೈಸೆನ್ಸಿಂಗ್ ಕಚೇರಿಗೆ ಫೋನ್ ಮಾಡಿ ಕೇಳಿಬಿಡಿ.

ಕೆಲಸ ಬದಲಾಯಿಸಿ ಬೇರೆ ರಾಜ್ಯಕ್ಕೆ ಹೋಗುವವರು ಈ ಲೆಕ್ಕವನ್ನೆಲ್ಲ ಇಲ್ಲೇ ಬಿಟ್ಟು ಹೋಗಿ. ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಹೊರಗಿನ ನಾಲ್ಕು ಮಕ್ಕಳವರೆಗೆ ಕೌಂಟಿಯ ಪರ್ಮಿಟ್ ಬೇಕು, ಐದನೆಯ ಮಗು ಬಂದರೆ ರಾಜ್ಯದ ಲೈಸೆನ್ಸ್. ನ್ಯೂಜೆರ್ಸಿಯಲ್ಲಿ ಐದು ಮಕ್ಕಳವರೆಗೆ ನೋಂದಣಿ ಕಡ್ಡಾಯವೇ ಅಲ್ಲ. ಅಂಥ ಕಡೆ ನೋಂದಣಿ ಮಾಡಿಸಿದವರನ್ನೇ ಹುಡುಕಿ. ಕ್ಯಾಲಿಫೋರ್ನಿಯಾದಲ್ಲೇ ಇರುವವರಿಗೆ ಪ್ರತಿ ಕೌಂಟಿಯಲ್ಲೂ ಒಂದು ರಿಸೋರ್ಸ್ ಅಂಡ್ ರೆಫರಲ್ ಕಚೇರಿ ಇದೆ. ಮನೆಯ ಹತ್ತಿರ ಲೈಸೆನ್ಸ್ ಇರುವವರು ಯಾರಿದ್ದಾರೆ ಅಂತ ಅಲ್ಲಿ ಕೇಳಿದರೆ ಹೇಳುತ್ತಾರೆ, ದುಡ್ಡು ಕೊಡಬೇಕಿಲ್ಲ.