ಎಡಬದಿ ಬೇಡಿದ್ದು, ಬಲಬದಿ ಬಂದದ್ದು

ನಮ್ಮಜ್ಜಿ 2017ರಲ್ಲಿ ತೀರಿಕೊಂಡ ಮೇಲೆ ಅವರ ಟ್ರಂಕ್ ಖಾಲಿ ಮಾಡುವಾಗ ಒಂದು ಹಳೇ ಲೆಕ್ಕದ ಪುಸ್ತಕ ಸಿಕ್ತು. ಬೀಡಿ ಕಟ್ಟಿದ್ದಕ್ಕೆ ಬಂದದ್ದು ಇಷ್ಟು, ಬಂಗುಡೆಗೆ ಹೋದದ್ದು ಇಷ್ಟು, ಅಂಗಡಿ ಬಾಕಿ ಇಷ್ಟು ಅಂತ ಬರ್ಕೊಂಡು ಹೋಗ್ತಾ ಮಧ್ಯದಲ್ಲಿ ಒಂದು ಕಡೆ "ಚಿಕ್ಕವನ ಜ್ವರ ಇಳಿಯಲಿ ಕರ್ತನೇ" ಅಂತ ಉಂಟು. ಎರಡು ಸಾಲು ಕೆಳಗೆ, ಸೀಮೆಎಣ್ಣೆ ಲೆಕ್ಕದ ಪಕ್ಕದಲ್ಲೇ, "ಇಳಿಯಿತು". ಅಷ್ಟೇ. ಸ್ತೋತ್ರ ಗೀತ್ರ ಎಂತದೂ ಇಲ್ಲ.

ನಾನು ಗೋಡಂಬಿ ಫ್ಯಾಕ್ಟರಿಯ ಆಫೀಸಲ್ಲಿ ಅಕೌಂಟ್ಸ್ ನೋಡುವವಳು, ಜಮಾ-ಖರ್ಚು ಬಿಟ್ರೆ ನನಗೆ ಬೇರೆ ಗೊತ್ತಿಲ್ಲ, ಅದಕ್ಕೋ ಏನೋ ಅದು ನನಗೆ ತುಂಬಾ ತಾಗಿತು. ನಾವು ಮಂಗಳೂರಿನ ಜೆಪ್ಪು ಕಡೆಯವರು, ಪ್ರೊಟೆಸ್ಟೆಂಟರು. ಅಜ್ಜನ ಅಪ್ಪ ಬಾಸೆಲ್ ಮಿಶನ್ ಅಂತ ಹೊರದೇಶದಿಂದ ಬಂದ ಮಿಶನರಿಗಳ ಹೆಂಚಿನ ಕಾರ್ಖಾನೆಯಲ್ಲಿ ಇದ್ದವರಂತೆ, 1865ರಲ್ಲಿ ನೇತ್ರಾವತಿ ದಡದಲ್ಲಿ ಶುರುವಾಯ್ತಲ್ಲ, ಅದೇ. ಮನೆಯಲ್ಲಿ ತುಳು, ಚರ್ಚಲ್ಲಿ ಕನ್ನಡ, ಹಾಗಾಗಿ ಪ್ರಾರ್ಥನೆಗೆ ಬಾಯಿ ಬಿಟ್ರೆ ಸಾಕು, ಎಲ್ಲಿಂದಲೋ ಗ್ರಾಂಥಿಕ ಕನ್ನಡ ಬರ್ತದೆ, "ದಯಾಪರನಾದ ಪರಲೋಕದ ತಂದೆಯೇ" ಅಂತ ಶುರುವಾಗಿ "ಎಲ್ಲರನ್ನೂ ಆಶೀರ್ವದಿಸು" ಅಂತ ಮುಗಿಯುತ್ತದೆ. ಎಲ್ಲರನ್ನೂ ಆಶೀರ್ವದಿಸು ಅಂದ್ರೆ ಆಶೀರ್ವದಿಸಿದ್ನಾ ಇಲ್ವಾ ಅಂತ ಗೊತ್ತಾಗುವುದು ಹೇಗೆ ಮಾರಾಯ್ರೇ?

ಹಾಗೆ 2018ರ ಜನವರಿಯಲ್ಲಿ ಒಂದು ಉದ್ದದ ನೋಟ್‌ಬುಕ್ ತಗೊಂಡು ಮಧ್ಯದಲ್ಲಿ ಗೆರೆ ಎಳೆದೆ. ಎಡಬದಿ ತಾರೀಕು ಹಾಕಿ ಬೇಡಿದ್ದು, ಬಲಬದಿ ಬಂದದ್ದು. ಬೆಳಿಗ್ಗೆ ಐದು ಗಂಟೆಗೆ, ಅನ್ನಕ್ಕೆ ನೀರಿಟ್ಟು ಅಡುಗೆಕೋಣೆಯ ಸ್ಟೂಲಲ್ಲೇ ಕೂತು ಬರೀತೇನೆ. ಒಂದು ದಿನಕ್ಕೆ ಮೂರು ಸಾಲಿಗಿಂತ ಜಾಸ್ತಿ ಇಲ್ಲ, ಯಾಕಂದ್ರೆ ಮೊದಮೊದಲು ಇಪ್ಪತ್ತು ಬರೆದು ಆಮೇಲೆ ಯಾವುದನ್ನು ಕೇಳಿದ್ದೆ ಅಂತ ನನಗೇ ನೆನಪಿರ್ತಿರಲಿಲ್ಲ. ಖಂಡಿತ ಅನ್ನಿಸಿದ್ದು ಪೆನ್ನಲ್ಲಿ, ಡೌಟ್ ಇದ್ದದ್ದು ಪೆನ್ಸಿಲಲ್ಲಿ.

ಪೆನ್ಸಿಲ್ ಯಾಕೆ ಬಂತು ಅಂದ್ರೆ ಅದೊಂದು ತಮಾಷೆ. ಸ್ಕೂಟಿಯ ಕೀ ಕಳೆದುಹೋಗಿ ಎರಡು ದಿನ ಮನೆಯೆಲ್ಲ ಅಡಿಮೇಲು ಮಾಡಿ ಹುಡುಕಿದ್ದೇ ಹುಡುಕಿದ್ದು. ಪಕ್ಕದ ಮನೆಯ ಹೆಂಗಸು, ನಾವು ಬಾಯಿ ಅಂತ ಕರೆಯುವುದು, ಅವರು ಕೆಥೊಲಿಕರು, ಕೊಂಕಣಿಯವರು, "ಸಂತ ಅಂತೋನಿಯವರಿಗೆ ಹೇಳು, ಕಳೆದದ್ದು ಕೊಡಿಸುವವರು ಅವರೇ" ಅಂದ್ರು. ನಮ್ಮಲ್ಲಿ ಸಂತರಿಗೆ ಬೇಡುವ ಕ್ರಮ ಇಲ್ಲ ಬಾಯಿ ಅಂದೆ. "ಹಾಗಾದ್ರೆ ನಾನೇ ಹೇಳ್ತೇನೆ, ನೀನು ನಿನ್ನದು ಹೇಳು" ಅಂದ್ರು. ಸಂಜೆ ಅಕ್ಕಿ ಡಬ್ಬದಲ್ಲಿ ಸಿಕ್ತು! ಈಗ ಇದನ್ನು ಯಾರ ಲೆಕ್ಕಕ್ಕೆ ಬರೆಯುವುದು? ಅಕ್ಕಿ ಅಳೆಯುವಾಗ ನಾನೇ ಬೀಳಿಸಿದ್ದು ಅನ್ನುವುದೂ ಸತ್ಯ. ಪೆನ್ಸಿಲಲ್ಲಿ "ಸಿಕ್ಕಿತು" ಅಂತ ಬರೆದು ಒಂದು ಪ್ರಶ್ನೆ ಚಿಹ್ನೆ ಹಾಕಿದೆ.

ಅದಾಗಿ ಸ್ವಲ್ಪ ಸಮಯಕ್ಕೆ ಅದೇ ಬಾಯಿ ಹತ್ರ ಮಾತು ಬಿಟ್ಟೆವು. ನಮ್ಮ ತೆಂಗಿನ ಮಡಲು ಬಿದ್ದು ಅವರ ಬಚ್ಚಲಿನ ಹೆಂಚು ನಾಲ್ಕು ಒಡೆಯಿತು, ಅವರೊಂದು ಹೇಳಿದ್ರು, ನಾನೊಂದು ಹೇಳಿದೆ. ಎಂಟು ತಿಂಗಳು ಮುಖ ನೋಡಲಿಲ್ಲ, ಆ ಕ್ರಿಸ್ಮಸಿಗೆ ಕುಸ್ವಾರ್ ತಿಂಡಿಯ ತಟ್ಟೆಯೂ ಆಚೀಚೆ ಹೋಗಲಿಲ್ಲ.

ಮತ್ತೆ 2019ರ ಮೇ. ಮಂಗಳೂರಿನವರಿಗೆ ನೆನಪಿರಬಹುದು, ತುಂಬೆ ಡ್ಯಾಮಲ್ಲಿ ನೀರು ಇಳಿದು ನಳ್ಳಿ ನೀರನ್ನು ರೇಷನಿಂಗ್ ಮಾಡಿದ್ರಲ್ಲ, ನಮ್ಮದು ಸ್ವಲ್ಪ ಎತ್ತರದ ಜಾಗ, ಬಿಡುವ ದಿನ ಕೂಡ ಪ್ರೆಶರ್ ಇಲ್ಲದೆ ನಮಗೆ ಮುಟ್ಟುತ್ತಿರಲಿಲ್ಲ. ನಮ್ಮ ಬಾವಿಯಲ್ಲಿ ಕೆಸರು. ನಾನು ಎಡಬದಿಯಲ್ಲಿ ಒಂದೇ ಸಮನೆ "ಮಳೆ" "ಮಳೆ" ಅಂತ ಬರೆದೆ. ಬೈಬಲಲ್ಲಿ ಎಲೀಯ ಪ್ರವಾದಿ ಮಳೆಗೆ ಬೇಡುವಾಗ ತನ್ನ ಆಳನ್ನು ಏಳು ಸಲ ಸಮುದ್ರದ ಕಡೆ ನೋಡಿ ಬಾ ಅಂತ ಕಳಿಸಿದ ಹಾಗೆ ನಾನೂ ದಿನಾ ಸಂಜೆ ಟೆರೇಸಿಗೆ ಹೋಗಿ ಪಡುವಣ ಬದಿಗೆ ನೋಡುವುದು, ಅಂಗೈಯಷ್ಟು ಮೋಡವೂ ಇಲ್ಲ, ಬರೀ ಸೆಕೆ. ಆ ವರ್ಷ ಮಳೆಗಾಲ ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ.

ಆದ್ರೆ ನಮಗೆ ನೀರು ಅದಕ್ಕಿಂತ ಮೊದಲೇ ಬಂತು. ಒಂದು ಬೆಳಿಗ್ಗೆ ಎರಡು ಕೊಡ ಹಿಡ್ಕೊಂಡು ಟ್ಯಾಂಕರ್ ಬರುವಲ್ಲಿಗೆ ಹೊರಟಿದ್ದೆ, ಕಂಪೌಂಡಿನ ಆಚೆಯಿಂದ ಬಾಯಿಯ ಸ್ವರ: "ಎಂತ ಮಾರಾಯ್ತಿ, ನಮ್ಮ ಬಾವಿ ಸತ್ತು ಹೋಗಿದೆಯಾ? ಪೈಪ್ ಈಚೆ ಬಿಸಾಡು." ಅವರ ಬಾವಿ ಕೆಳಗಿನ ಬದಿಗೆ, ಒರತೆ ಒಳ್ಳೆಯದುಂಟು. ಮಳೆ ಬರುವವರೆಗೂ ದಿನಾ ಬೆಳಿಗ್ಗೆ ಅರ್ಧ ಗಂಟೆ ಅವರ ಪಂಪು ನಮ್ಮ ಟ್ಯಾಂಕಿಗೆ. ಕರೆಂಟ್ ಬಿಲ್ಲಿಗೆ ಅಂತ ದುಡ್ಡು ಕೊಡಲಿಕ್ಕೆ ಹೋದ್ರೆ ಬೈದ್ರು. ನಾನು ನೋಡ್ತಾ ಇದ್ದದ್ದು ಆಕಾಶ, ಬಂದದ್ದು ಕಂಪೌಂಡ್ ಹಾರಿ. ಅದನ್ನು ಪೆನ್ನಲ್ಲೇ ಬರೆದೆ, ಮತ್ತು ಬರೆಯುವಾಗ ಸಣ್ಣ ನಾಚಿಕೆಯೂ ಆಯ್ತು, ಯಾಕಂದ್ರೆ ಎಂಟು ತಿಂಗಳಲ್ಲಿ ಎಡಬದಿಯಲ್ಲಿ ಒಂದು ಸಲವೂ ನಾನು ಬಾಯಿಯ ಹೆಸರು ಬರೆದಿರಲಿಲ್ಲ.

ಇಷ್ಟೇ ಹೇಳಿ ನಿಲ್ಲಿಸಿದ್ರೆ ಒಳ್ಳೆ ಸಾಕ್ಷಿ ಆಗ್ತದೆ. ಮನೆ ಪ್ರಾರ್ಥನೆಗಳಲ್ಲಿ ನಮ್ಮವರು ಸಾಕ್ಷಿ ಹೇಳುವಾಗ ಬಂದದ್ದನ್ನು ಮಾತ್ರ ಹೇಳ್ತಾರೆ, ನನಗೆ ಅದರ ಮೇಲೆ ಸ್ವಲ್ಪ ಸಿಟ್ಟುಂಟು. ಜಮೆ ಮಾತ್ರ ತೋರಿಸಿ ಖರ್ಚು ಮುಚ್ಚಿಟ್ಟರೆ ನಮ್ಮ ಆಫೀಸಲ್ಲಿ ಆಡಿಟರ್ ಬಿಡ್ತಾರಾ? ನನ್ನ ಪುಸ್ತಕದಲ್ಲಿ "ಅಮ್ಮನ ಕಿಡ್ನಿ" ಅಂತ ನಲವತ್ತೊಂದು ಸಲ ಉಂಟು. ಡಯಾಲಿಸಿಸ್ ಬೇಡ ಅಂತ ಬೇಡಿದೆ, ಶುರುವಾಯ್ತು. ವಾರಕ್ಕೆ ಎರಡು ಸಾಕು ಅಂತ ಬೇಡಿದೆ, ಮೂರಾಯ್ತು. 2021ರಲ್ಲಿ ಹೋದ್ರು. ಬಲಬದಿಯಲ್ಲಿ "ಇಲ್ಲ" ಅಂತ ಬರೆದಿದ್ದೇನೆ, ಪೆನ್ನಲ್ಲಿ. ಸಂಬಂಧಿಕರೊಬ್ಬರು ನಿನ್ನ ನಂಬಿಕೆ ಸಾಲಲಿಲ್ಲ ಅಂದ್ರು, ಎದುರು ಉತ್ತರ ಕೊಡಲಿಲ್ಲ. ಶಿಲುಬೆಗೆ ಹೋಗುವ ಮೊದಲು ಗೆತ್ಸೆಮನೆ ತೋಟದಲ್ಲಿ ಯೇಸುವೇ ಈ ಪಾತ್ರೆ, ಅಂದ್ರೆ ಈ ಸಂಕಟ, ತಪ್ಪಲಿ ಅಂತ ಬೇಡಿದ, ತಪ್ಪಿತಾ? ಅಪೊಸ್ತಲ ಪೌಲ ತನ್ನನ್ನು ಕಾಡುತ್ತಿದ್ದ ಶರೀರದ ಮುಳ್ಳು ತೆಗಿ ಅಂತ ಮೂರು ಸಲ ಬೇಡಿದ, ತೆಗೆಯಲಿಲ್ಲ. ಅವರದ್ದೆಲ್ಲ ನಂಬಿಕೆ ಸಾಲದೆಯಾ?

ಆ ದಿನಗಳ ಪುಟ ತಿರುಗಿಸಿದ್ರೆ ಸಣ್ಣ ಸಣ್ಣ ಸಾಲುಗಳು ಬೇರೆ ಉಂಟು. "ಅಮ್ಮ ಇವತ್ತು ಗಂಜಿ ಕುಡಿಯಲಿ", ಕುಡಿದ್ರು. "ಸೂಜಿ ಒಂದೇ ಸಲಕ್ಕೆ ಸಿಗಲಿ", ಸಿಕ್ತು. ಆಗ ಬರೆದಿರದಿದ್ರೆ ಇದ್ಯಾವುದೂ ಈಗ ನೆನಪಿರ್ತಿರಲಿಲ್ಲ, ದೊಡ್ಡ "ಇಲ್ಲ" ಒಂದೇ ಉಳೀತಿತ್ತು. ಅದು ಸಮಾಧಾನವಾ ಅಂತ ಕೇಳಿದ್ರೆ, ಕೆಲವು ದಿನ ಹೌದು, ಕೆಲವು ದಿನ ಅಲ್ಲ.

ಈಗ ಮೂರನೇ ಪುಸ್ತಕ. ಒಂದು ಸಾಲು ಮಾತ್ರ ಮೊದಲನೇ ಪುಸ್ತಕದಿಂದ ಇಳಿಸಿಕೊಂಡು ಬರ್ತಾ ಇದ್ದೇನೆ, ಬಾಕಿ ಕ್ಯಾರಿ ಫಾರ್ವರ್ಡ್ ಮಾಡಿದ ಹಾಗೆ: ಅಣ್ಣ ಮಾತಾಡಲಿ. ಜಾಗದ ಪಾಲಿನ ವಿಷಯ, ಅಮ್ಮನ ಮಣ್ಣಿಗೆ ಬಂದವನು ನನ್ನ ಹತ್ರ ಒಂದು ಮಾತೂ ಆಡದೆ ಹೋದ. ಮೊನ್ನೆ ಆದಿತ್ಯವಾರ ಬೆಳಿಗ್ಗೆ ವಾಟ್ಸಾಪಲ್ಲಿ ಅವನಿಂದ ಒಂದು ಗುಡ್ ಮಾರ್ನಿಂಗ್ ಚಿತ್ರ ಬಂತು, ಗುಲಾಬಿ ಹೂ, ಕೆಳಗೆ ಯಾವುದೋ ವಚನ. ಎಲ್ಲರಿಗೂ ಒಟ್ಟಿಗೆ ಕಳಿಸಿದ್ದೋ, ಕೈತಪ್ಪಿ ಬಂದದ್ದೋ ಗೊತ್ತಿಲ್ಲ. ನಾನೂ ಒಂದು ಗುಡ್ ಮಾರ್ನಿಂಗ್ ಹಾಕಿದೆ. ಎರಡು ನೀಲಿ ಗೆರೆ ಬಂತು.

ತಾರೀಕು ಹಾಕಿ, ಬಲಬದಿಯಲ್ಲಿ, ಪೆನ್ಸಿಲಲ್ಲಿ ಬರೆದಿಟ್ಟಿದ್ದೇನೆ.