ಒಂದೇ ಆಟಕ್ಕೆ ಇಬ್ಬರು ಭಾಗವತರು

ಮಳೆಗಾಲ ಶುರುವಾದ ಹೊಸತರಲ್ಲಿ ಒಬ್ಬ ನಿರ್ದೇಶಕರು ಹಾರ್ಡ್ ಡಿಸ್ಕ್ ಹಿಡಿದುಕೊಂಡು ನನ್ನ ಎಡಿಟಿಂಗ್ ರೂಮಿಗೆ ಬಂದರು. 12 ವರ್ಷದ ಹಿಂದೆ ಅವರ ಆ್ಯಕ್ಷನ್ ಸಿನಿಮಾವನ್ನು ನಾನೇ ಎಡಿಟ್ ಮಾಡಿದ್ದೆ. ಬೆಂಗಳೂರಿನಲ್ಲಿ ಒಂದೇ ರಾತ್ರಿ ನಡೆಯುವ ಕಥೆ. ಥಿಯೇಟರಿನಲ್ಲಿ ಎರಡೇ ವಾರ ಓಡಿತ್ತು. ಆಮೇಲೆ ಮೊಬೈಲಿನಲ್ಲಿ ನೋಡಿದ ಹುಡುಗರು ಅದನ್ನು ತಲೆ ಮೇಲೆ ಹೊತ್ತುಕೊಂಡರು.

"ಈಗ ನನ್ನ ವರ್ಷನ್ ಮಾಡೋಣ ಸಾರ್" ಎಂದರು. ಏನು ಬದಲಾಗಬೇಕು ಅಂತ ಕೇಳಿದೆ. ಶುರುವಿಗೆ ಒಂದು ನಿರೂಪಣೆ ಬೇಕು, ನಡುನಡುವೆ ಅಧ್ಯಾಯದ ಹೆಸರಿನ ಕಾರ್ಡ್ ಬರಬೇಕು, ಪಾತ್ರಗಳು ಯಾರು ಏನು ಅಂತ ಜನಕ್ಕೆ ಮೊದಲೇ ಗೊತ್ತಾಗಬೇಕು. ನಿರೂಪಣೆಗೆ 14 ಸಾಲು ಬರೆದುಕೊಂಡೇ ಬಂದಿದ್ದರು.

ಬೇಡ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಯಾಕೆ ಬೇಡ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ವಾರ ಟೈಮ್ ಕೊಡಿ ಎಂದೆ. ಮನೆಗೆ ಹೋಗಿ ಕಪಾಟಿನಿಂದ 'ದಿ ವಾರಿಯರ್ಸ್' ಸಿನಿಮಾದ ಎರಡು ಡಿಸ್ಕ್ ಹುಡುಕಿ ತೆಗೆದೆ. ಒಂದು, 1979ರಲ್ಲಿ ಥಿಯೇಟರಿಗೆ ಬಂದ ರೂಪ. ಇನ್ನೊಂದು, ನಿರ್ದೇಶಕ ವಾಲ್ಟರ್ ಹಿಲ್ 2005ರಲ್ಲಿ ತಾವೇ ತಿದ್ದಿ ಡಿವಿಡಿಗೆ ಕೊಟ್ಟ ರೂಪ.

ಈ ಸಿನಿಮಾ ನಾನು ಮೊದಲು ನೋಡಿದ್ದು ಕುಂದಾಪುರದ ಹತ್ತಿರ ನಮ್ಮ ಅಜ್ಜಿಮನೆಯಲ್ಲಿ. ಆಗೆಲ್ಲ ಒಂದು ರಾತ್ರಿಗೆ ಟಿವಿ, ವಿಸಿಆರ್ ಎರಡನ್ನೂ ಬಾಡಿಗೆಗೆ ತರುತ್ತಿದ್ದರು. ಜೊತೆಗೆ ನಾಲ್ಕು ಕ್ಯಾಸೆಟ್. ಮೂರು ಮನೆಯವರಿಗೆ, ಕೊನೆಯದು ಹುಡುಗರಿಗೆ. ಆ ಕೊನೆಯ ಕ್ಯಾಸೆಟ್ ಮೇಲೆ ಸಿನಿಮಾದ ಹೆಸರೂ ಇರಲಿಲ್ಲ. 'ಇಂಗ್ಲಿಷ್ ಫೈಟಿಂಗ್' ಅಂತ ಪೆನ್ನಿನಲ್ಲಿ ಬರೆದ ಚೀಟಿ ಅಷ್ಟೆ. ಹಾಕಿದಾಗ ರಾತ್ರಿ ಎರಡು ಗಂಟೆ. ದೊಡ್ಡವರಲ್ಲಿ ಎಚ್ಚರ ಇದ್ದವರು ಮಾವ ಒಬ್ಬರೇ. ಅವರು ಯಕ್ಷಗಾನ ಮೇಳದಲ್ಲಿ ವೇಷ ಮಾಡಿದವರು, ರಾತ್ರಿ ಎಚ್ಚರ ಇರುವುದು ಅವರಿಗೆ ಅಭ್ಯಾಸ. ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಆದರೂ ನಮಗಿಂತ ಜಾಸ್ತಿ ಅರ್ಥ ಆಗಿದ್ದು ಅವರಿಗೇ.

ಕಥೆ ಇಷ್ಟೇ. ನ್ಯೂಯಾರ್ಕ್ ನಗರದ ಗ್ಯಾಂಗುಗಳನ್ನೆಲ್ಲ ಸೈರಸ್ ಎಂಬ ನಾಯಕ ಒಂದು ರಾತ್ರಿ ಬ್ರಾಂಕ್ಸಿನ ಪಾರ್ಕಿಗೆ ಕರೆಸುತ್ತಾನೆ. ಪ್ರತಿ ಗ್ಯಾಂಗಿನಿಂದ 9 ಜನ, ಕೈಯಲ್ಲಿ ಆಯುಧ ಇರಬಾರದು. ನಾವು 60,000 ಜನ ಇದ್ದೇವೆ, ಪೊಲೀಸರು ಬರೀ 20,000, ಒಂದಾದರೆ ಊರು ನಮ್ಮದು ಎನ್ನುತ್ತಾನೆ. ಅಷ್ಟರಲ್ಲಿ ಯಾರೋ ಅವನಿಗೆ ಗುಂಡು ಹೊಡೆಯುತ್ತಾರೆ. ಹೊಡೆದವನೇ ವಾರಿಯರ್ಸ್ ಗ್ಯಾಂಗಿನ ಕಡೆ ಬೆರಳು ತೋರಿಸುತ್ತಾನೆ. ಇವರ ಮನೆ ಇರುವುದು ನಗರದ ಇನ್ನೊಂದು ತುದಿಯಲ್ಲಿ, ಸಮುದ್ರದ ಪಕ್ಕದ ಕೋನಿ ಐಲೆಂಡಿನಲ್ಲಿ. ಬೆಳಗಾಗುವುದರೊಳಗೆ ಮನೆ ಸೇರಬೇಕು. ದಾರಿಯುದ್ದಕ್ಕೂ ಉಳಿದ ಗ್ಯಾಂಗುಗಳು ಕಾಯುತ್ತಿವೆ.

ಒಂದೊಂದು ಗ್ಯಾಂಗಿಗೆ ಒಂದೊಂದು ವೇಷ. ಬೇಸ್‌ಬಾಲ್ ಯೂನಿಫಾರ್ಮ್ ಹಾಕಿ, ಮುಖಕ್ಕೆ ಬಣ್ಣ ಬಳಿದು, ಒಂದೂ ಮಾತಾಡದೆ ಬ್ಯಾಟು ಹಿಡಿದು ಓಡಿ ಬರುವ ಗ್ಯಾಂಗೊಂದಿದೆ. ಅದು ಬಂದಾಗ ಮಾವ ಎದ್ದು ಕೂತರು. ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷ ಪ್ರವೇಶ ಆದ ಹಾಗೇ ಇತ್ತು. ಇನ್ನು ಆಗಾಗ ಪರದೆ ಮೇಲೆ ಒಬ್ಬ ಹೆಂಗಸಿನ ತುಟಿ ಮಾತ್ರ ಕಾಣುತ್ತದೆ. ರೇಡಿಯೋದಲ್ಲಿ ಮಾತಾಡುವ ಡಿಜೆ. ತುಟಿ, ಮೈಕು, ತಿರುಗುವ ರೆಕಾರ್ಡು. ಅವಳು ಮೊದಲ ಸಲ ಬಂದಾಗ ಮಾವ ನನ್ನ ತೊಡೆ ತಟ್ಟಿ, "ಕಾಣ್ ಮಾಣಿ, ಭಾಗ್ವತ್ರ್ ಬಂದ್ರ್" ಎಂದರು. ಆಟದಲ್ಲಿ ಪದ ಹಾಡಿ ಕಥೆ ನಡೆಸುವವರು ಭಾಗವತರು.

ಆ ಮಾತು ತಲೆಯಲ್ಲಿ ಎಲ್ಲೋ ಉಳಿದುಕೊಂಡಿತ್ತು. ಅದು ಉಪಯೋಗಕ್ಕೆ ಬರಲು ಮೂವತ್ತು ವರ್ಷದ ಮೇಲಾಯಿತು.

ಸರಿ, ಕೆಲಸಕ್ಕೆ ಬರುತ್ತೇನೆ. ಎರಡೂ ಡಿಸ್ಕುಗಳನ್ನು ಎಡಿಟಿಂಗ್ ಕಂಪ್ಯೂಟರಿನ ಟೈಮ್‌ಲೈನಿಗೆ ಹಾಕಿದೆ. ಕೆಳಗಿನ ಟ್ರ್ಯಾಕಿನಲ್ಲಿ 1979ರದ್ದು, ಮೇಲಿನದರಲ್ಲಿ 2005ರದ್ದು. ಮೇಲಿನದನ್ನು ಅರ್ಧ ಪಾರದರ್ಶಕ ಮಾಡಿದೆ. ಹೀಗೆ ಮಾಡಿದರೆ ಎರಡೂ ಒಂದೇ ಇರುವ ಕಡೆ ಚಿತ್ರ ಸ್ವಚ್ಛವಾಗಿ ಕಾಣುತ್ತದೆ, ಬೇರೆಯಾದ ತಕ್ಷಣ ದೆವ್ವದ ಹಾಗೆ ಎರಡೆರಡು ಕಾಣುತ್ತದೆ. ಹಳೆಯದು ಶುರುವಾಗುವುದು ಕತ್ತಲಲ್ಲಿ ಹೊಳೆಯುವ ಕೋನಿ ಐಲೆಂಡಿನ ದೊಡ್ಡ ತಿರುಗುಚಕ್ರದಿಂದ. ಆ ಶಾಟಿಗೆ ಎರಡನ್ನೂ ಹೊಂದಿಸಿ ಪ್ಲೇ ಒತ್ತಿದೆ.

ಅರ್ಧ ನಿಮಿಷಕ್ಕೇ ದೆವ್ವ ಬಂತು. ಮತ್ತೆ ಹೊಂದಿಸಿದೆ. ಮತ್ತೆ ಬಂತು. ಎಲ್ಲ ಕಡೆಯೂ ಕತ್ತರಿ ಆಡಿಸಿದ್ದಾರಾ ಹಿಲ್ ಅಂತ ಗಾಬರಿಯಾಯಿತು. ಒಂದು ಸಂಜೆ ಪೂರ್ತಿ ಕೂತು ಶಾಟ್ ಶಾಟ್ ಲೆಕ್ಕ ಬರೆದೆ. ನಿಮಿಷಕ್ಕೆ ಸುಮಾರು ಎರಡೂವರೆ ಸೆಕೆಂಡ್ ವ್ಯತ್ಯಾಸ, ಎಲ್ಲ ಕಡೆಯೂ ಒಂದೇ ಪ್ರಮಾಣ. ಆಗ ತಲೆ ಚಚ್ಚಿಕೊಂಡೆ. ಹಳೆಯ ಡಿಸ್ಕನ್ನು ಸ್ನೇಹಿತನೊಬ್ಬ ಲಂಡನ್ನಿನಿಂದ ತಂದುಕೊಟ್ಟಿದ್ದ. ಅದು ಪಾಲ್ ಡಿಸ್ಕ್, ಅಂದರೆ ಅಲ್ಲಿನ ಟಿವಿ ಪದ್ಧತಿಗೆ ಮಾಡಿದ್ದು. ಸೆಕೆಂಡಿಗೆ 24 ಫ್ರೇಮಿನ ಸಿನಿಮಾವನ್ನು ಅದರಲ್ಲಿ 25 ಫ್ರೇಮಿನ ವೇಗಕ್ಕೆ ಓಡಿಸಿರುತ್ತಾರೆ. ಸುಮಾರು 93 ನಿಮಿಷದ ಸಿನಿಮಾ 89ಕ್ಕೇ ಮುಗಿಯುತ್ತದೆ, ದನಿಯೂ ಸ್ವಲ್ಪ ಸಣ್ಣಗಾಗುತ್ತದೆ. ಇಷ್ಟು ವರ್ಷ ಇದೇ ಕೆಲಸ ಮಾಡಿ ಇಂಥದ್ದಕ್ಕೆ ಬಿದ್ದೆನಲ್ಲ! ಅಸಿಸ್ಟೆಂಟ್ ಹುಡುಗನಿಗೆ ಹೇಳಲಿಲ್ಲ. ವೇಗ ಸರಿಮಾಡಿಕೊಂಡೆ, ದೆವ್ವಗಳೆಲ್ಲ ಮಾಯ.

ಉಳಿದದ್ದು ನಿಜವಾದ ವ್ಯತ್ಯಾಸ. ನೋಡಿದರೆ ಅದು ಬಹಳ ಕಡಿಮೆ. ಹಿಲ್ ಮಾಡಿದ್ದು ಮುಖ್ಯವಾಗಿ ಎರಡು ಕೆಲಸ.

ಒಂದು, ಶುರುವಿಗೆ ಪೀಠಿಕೆ. ಈ ಸಿನಿಮಾಕ್ಕೆ ಮೂಲ ಸೋಲ್ ಯೂರಿಕ್ ಅವರ 1965ರ ಕಾದಂಬರಿ, ಅದಕ್ಕೆ ಬೇರು ಗ್ರೀಕ್ ಲೇಖಕ ಝೆನೊಫನ್ ಬರೆದ ಸೈನ್ಯದ ಕಥೆ. ಕ್ರಿಸ್ತಪೂರ್ವ 401ರಲ್ಲಿ ಪರ್ಷಿಯಾದ ರಾಜಕುಮಾರ ಸೈರಸ್ ಅಣ್ಣನ ಮೇಲೆ ಯುದ್ಧಕ್ಕೆ ಹೋಗಿ ಸತ್ತ. ಅವನು ಕರೆದುಕೊಂಡು ಹೋಗಿದ್ದ ಗ್ರೀಕ್ ಬಾಡಿಗೆ ಸೈನಿಕರು ಶತ್ರುಗಳ ನಡುವೆ ಸಿಕ್ಕಿಬಿದ್ದು, ಹೋರಾಡುತ್ತಾ ಸಮುದ್ರದ ಕಡೆ ನಡೆದರು. 2005ರ ರೂಪದಲ್ಲಿ ಈ ಕಥೆಯನ್ನು ಚಿತ್ರಗಳ ಜೊತೆ ಹಿಲ್ ತಮ್ಮದೇ ದನಿಯಲ್ಲಿ ಮೊದಲೇ ಹೇಳಿಬಿಡುತ್ತಾರೆ.

ಎರಡು, ಕಾಮಿಕ್ ಪುಟಗಳು. ದೃಶ್ಯದಿಂದ ದೃಶ್ಯಕ್ಕೆ ಹೋಗುವಾಗ ಓಡುತ್ತಿದ್ದ ಶಾಟ್ ಗಕ್ಕನೆ ನಿಲ್ಲುತ್ತದೆ. ಮುಖಗಳಿಗೆ ಕಪ್ಪು ಗೆರೆ ಮೂಡುತ್ತದೆ, ಬಣ್ಣ ಚಪ್ಪಟೆಯಾಗುತ್ತದೆ. ಅದು ಪುಟದ ಮೇಲಿನ ಒಂದು ಚೌಕವಾಗುತ್ತದೆ. ಪಕ್ಕದ ಚೌಕಕ್ಕೆ ಜಾರುತ್ತೇವೆ, ಅಲ್ಲಿನ ಚಿತ್ರಕ್ಕೆ ಜೀವ ಬಂದು ಮುಂದಿನ ದೃಶ್ಯ ಶುರು. ಹಳೆಯದರಲ್ಲಿ ಇಂಥ ಕಡೆ ನೇರ ಕಟ್ ಇರುತ್ತದೆ, ಇಲ್ಲವೇ ಒಂದು ಚಿತ್ರ ಇನ್ನೊಂದನ್ನು ಒರೆಸಿಕೊಂಡು ಹೋಗುವ ವೈಪ್.

ಹಿಲ್ ಅವರದ್ದು ತಲೆಕೆಟ್ಟ ಕೆಲಸ ಅಂತ ನಾನು ಹೇಳುವುದಿಲ್ಲ. ಈ ಎರಡೂ ಅವರಿಗೆ ಮೊದಲಿನಿಂದ ಬೇಕಿದ್ದವು. ಕಾಮಿಕ್ ಪುಸ್ತಕದ ಹಾಗೆ ಇರಬೇಕು, ಮುಂದೆಂದೋ ನಡೆಯುವ ಕಥೆ ಅಂತ ಶುರುವಾಗಬೇಕು, ನಿರೂಪಣೆಗೆ ಹೆಸರಾಂತ ನಟ, ನಿರ್ದೇಶಕ ಆರ್ಸನ್ ವೆಲ್ಸ್ ದನಿ ಸಿಗಬೇಕು ಎಂಬ ಆಸೆ ಇತ್ತಂತೆ. ಸ್ಟುಡಿಯೋಗೆ ಅವಸರ. ಅದೇ ಹೊತ್ತಿಗೆ ಇನ್ನೊಂದು ಗ್ಯಾಂಗ್ ಸಿನಿಮಾ ತಯಾರಾಗುತ್ತಿತ್ತು, ಅದಕ್ಕಿಂತ ಮೊದಲು ಇದು ಥಿಯೇಟರಿಗೆ ಹೋಗಬೇಕಿತ್ತು. ಟೈಟಲ್ಲಿನಲ್ಲಿ ನಾಲ್ಕು ಜನ ಎಡಿಟರುಗಳ ಹೆಸರಿದೆ. ಅಷ್ಟು ಹೆಸರು ಕಂಡರೆ ನನ್ನಂಥವನಿಗೆ ಮೊದಲು ನೆನಪಾಗುವುದು ಡೆಡ್‌ಲೈನ್. 1979ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಕೆಲವು ಥಿಯೇಟರುಗಳ ಸುತ್ತ ಗಲಾಟೆಯಾಗಿ ಪ್ಯಾರಮೌಂಟ್ ಸ್ಟುಡಿಯೋ ಜಾಹೀರಾತನ್ನೇ ಹಿಂದಕ್ಕೆ ತೆಗೆದುಕೊಂಡಿತು. ನಿರ್ದೇಶಕನಿಗೆ ಆಸೆ ಹಾಗೇ ಉಳಿದುಕೊಂಡಿದ್ದರೆ ಅದರಲ್ಲಿ ಆಶ್ಚರ್ಯ ಏನಿದೆ?

ಆದರೂ ಟೈಮ್‌ಲೈನಿನಲ್ಲಿ ಒಂದು ಪ್ರಯೋಗ ಮಾಡಿದೆ. 2005ರ ರೂಪದಿಂದ ಕಾಮಿಕ್ ಪುಟಗಳನ್ನು ಕತ್ತರಿಸಿ ತೆಗೆದೆ. ಚಿತ್ರಕ್ಕೆ ಏನೂ ಆಗಲಿಲ್ಲ, ಅಂಟಿಕೊಂಡಿತು. ಸೌಂಡ್ ಅಂಟಲಿಲ್ಲ. ಪ್ರತಿ ಜೋಡಣೆಯಲ್ಲೂ ಟಕ್ ಅಂತ ಎಗರುತ್ತಿತ್ತು. ಹಳೆಯ ರೂಪದಿಂದ ಸೌಂಡ್ ತಂದು ಕೆಳಗೆ ಹಾಸಿದೆ. ಆಗ ಕಿವಿಗೆ ಬಿತ್ತು. ಈ ಸಿನಿಮಾವನ್ನು ಹಿಡಿದಿಟ್ಟಿರುವುದೇ ಒಂದು ನಿಲ್ಲದ ಸದ್ದು. ರೈಲಿನ ಗಡಗಡ, ಓಡುವ ಕಾಲು, ಸಂಗೀತ ಕೊಟ್ಟ ಬ್ಯಾರಿ ಡಿ ವೊರ್ಝನ್ ಅವರ ಸಿಂಥಸೈಜರ್. ಆಟ ಮುಗಿಯುವವರೆಗೆ ಚೆಂಡೆ ಬಿಡುವುದಿಲ್ಲವಲ್ಲ, ಹಾಗೆ. ಬದುಕಬೇಕಾದರೆ ನಿಲ್ಲದೆ ಓಡಬೇಕು ಎಂಬ ಕಥೆಯಲ್ಲಿ, ದೃಶ್ಯಕ್ಕೊಂದು ಸಲ ಓಡುವವರನ್ನು ಹಿಡಿದು ಚಿತ್ರ ಬರೆಯುತ್ತಾ ನಿಂತರೆ ಹೇಗೆ?

ಅಸಿಸ್ಟೆಂಟ್ ಹುಡುಗನಿಗೆ ಎರಡನ್ನೂ ತೋರಿಸಿದೆ. ಅವನಿಗೆ 24 ವರ್ಷ, ಹಾಸ್ಟೆಲಿನಲ್ಲಿ ನೋಡಿದ್ದು 2005ರದ್ದೇ. ಎಷ್ಟೋ ವರ್ಷ ಅಂಗಡಿಯಲ್ಲಿ ಸಿಗುತ್ತಿದ್ದದ್ದೂ ಅದೊಂದೇ. ಬ್ರಿಟನ್ನಿನ ಆ್ಯರೋ ಕಂಪನಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ತಂದದ್ದು ಈಚೆಗೆ.

"ನನಗೆ ಪುಟಗಳೇ ಇಷ್ಟ ಸರ್. ಇದು ನಿಜವಾದ ನ್ಯೂಯಾರ್ಕ್ ಅಲ್ಲ ಅಂತ ಅದರಿಂದಲೇ ಗೊತ್ತಾಗೋದು."

"ಮುಖಕ್ಕೆ ಬಣ್ಣ ಬಳ್ಕೊಂಡು ಬ್ಯಾಟ್ ಹಿಡಿದು ಬರೋರನ್ನ ನೋಡಿದ್ರೆ ಗೊತ್ತಾಗಲ್ವಾ ಮಾರಾಯ?"

"ನೀವು ಮೊದಲು ನೋಡಿದ್ದು ಅದು ಸರ್. ಅದಕ್ಕೇ ನಿಮಗೆ ಹಾಗನ್ಸತ್ತೆ."

ಇದಕ್ಕೆ ನನ್ನ ಹತ್ತಿರ ಜವಾಬು ಇರಲಿಲ್ಲ. ಇರಬಹುದು. ಪುಟಗಳ ವಿಷಯದಲ್ಲಿ ನನ್ನದು ಅರ್ಧ ಹಳೇ ಪ್ರೀತಿಯೇ ಇರಬಹುದು. ಆದರೆ ಆ ಪೀಠಿಕೆಯ ವಿಷಯ ಬೇರೆ. ಅಲ್ಲಿ ಮಾವನ ಮಾತು ಸಹಾಯಕ್ಕೆ ಬಂತು. ಈ ಆಟದಲ್ಲಿ ಭಾಗವತರು ಆಗಲೇ ಇದ್ದಾರೆ.

ಆ ತುಟಿಯ ಹೆಂಗಸು. ಆ ಪಾತ್ರ ಮಾಡಿದವರು ಲಿನ್ ಥಿಗ್ಪೆನ್. ಪೂರ್ತಿ ಮುಖ ಒಮ್ಮೆಯೂ ಕಾಣುವುದಿಲ್ಲ. ಸೈರಸ್ ಸತ್ತ ಮೇಲೆ ಅವಳು ಹಾಡು ಹಾಕಿ ಎಲ್ಲ ಗ್ಯಾಂಗುಗಳಿಗೂ ಸುದ್ದಿ ಮುಟ್ಟಿಸುತ್ತಾಳೆ. ಎಲ್ಲಿ ಓಡಿದರೂ ಜಾಗ ಇಲ್ಲ ಎನ್ನುವ ಹಾಡು. ವಾರಿಯರ್ಸ್ ಎಲ್ಲಿಗೆ ಮುಟ್ಟಿದರು, ಯಾರ ಕೈ ತಪ್ಪಿಸಿಕೊಂಡರು, ಎಲ್ಲ ಅವಳ ಬಾಯಿಂದಲೇ. ಕಥೆ ಮುಂದಕ್ಕೆ ಹಾಕುವವಳು ಅವಳು. ಇನ್ನೂ ಒಂದು ಚಂದ ಇದೆ. ಈ ಭಾಗವತರು ಹೇಳುತ್ತಿರುವುದು ತಪ್ಪು! ಕೊಂದವರು ವಾರಿಯರ್ಸ್ ಅಲ್ಲ, ಅವಳಿಗೆ ಅದು ಗೊತ್ತಿಲ್ಲ. ಕೊನೆಗೆ ಗೊತ್ತಾದಾಗ ಅದೇ ಮೈಕಿನಲ್ಲಿ ಬೇಜಾರು ಮಾಡ್ಕೋಬೇಡಿ ಎನ್ನುವ ಹಾಗೆ ಮಾತಾಡಿ ಇನ್ನೊಂದು ಹಾಡು ಹಾಕುತ್ತಾಳೆ. ಜೋ ವಾಲ್ಷ್ ಹಾಡಿದ್ದು. ಇವಳು ಕಥೆಯ ಒಳಗೆ ಇದ್ದಾಳೆ, ಕಥೆ ಇವಳನ್ನೂ ಮುಟ್ಟುತ್ತದೆ.

2005ರಲ್ಲಿ ಬಂದ ಹೊಸ ದನಿಗೆ ಎಲ್ಲ ಗೊತ್ತಿದೆ. ಅದು ತಪ್ಪುವುದಿಲ್ಲ, ಅದಕ್ಕೆ ಏನೂ ಆಗುವುದಿಲ್ಲ. ಗ್ರೀಕರ ಕಥೆ ಹೇಳಿ ಹೊರಟುಹೋಗುತ್ತದೆ. ಸೈರಸ್ ಸಾಯುತ್ತಾನೆ, ಇವರು ಸಮುದ್ರದ ಕಡೆ ಹೋಗುತ್ತಾರೆ ಅಂತ ನಮಗೆ ಮೊದಲೇ ತಿಳಿದುಹೋಯಿತು. (ಈಗೀಗ ದ್ವಂದ್ವ ಭಾಗವತಿಕೆ ಅಂತ ಇಬ್ಬರು ಕೂತು ಪೈಪೋಟಿಯಲ್ಲಿ ಹಾಡುತ್ತಾರೆ, ಜನ ಶಿಳ್ಳೆ ಹೊಡೆಯುತ್ತಾರೆ. ಅಲ್ಲಿ ಇಬ್ಬರೂ ಒಂದೇ ಪ್ರಸಂಗದ ಒಳಗಿರುತ್ತಾರೆ. ಮಾವ ಅದನ್ನೂ ಒಪ್ಪುತ್ತಿರಲಿಲ್ಲ, ಬಿಡಿ.)

ನನ್ನ ಟೈಮ್‌ಲೈನಿನಲ್ಲಿ ದೆವ್ವ ಬಾರದ ಒಂದು ದೃಶ್ಯದ ಬಗ್ಗೆ ಹೇಳಲೇಬೇಕು. ಕೊನೆಯ ರೈಲು. ವಾರಿಯರ್ಸ್ ಗ್ಯಾಂಗನ್ನು ನಡೆಸುವ ಸ್ವಾನ್ ಮತ್ತು ದಾರಿಯಲ್ಲಿ ಜೊತೆಯಾದ ಹುಡುಗಿ ಮರ್ಸಿ ಅಕ್ಕಪಕ್ಕ ಕೂತಿದ್ದಾರೆ. ಮೈಯೆಲ್ಲ ಕೊಳೆ, ಗಾಯ. ಒಂದು ಸ್ಟೇಷನ್ನಿನಲ್ಲಿ ಡ್ಯಾನ್ಸ್ ಪಾರ್ಟಿ ಮುಗಿಸಿದ ಎರಡು ಜೋಡಿ ನಗುತ್ತಾ ಹತ್ತುತ್ತವೆ. ಪಾರ್ಟಿ ಬಟ್ಟೆ, ಹೂವು. ಎದುರು ಸೀಟಿನಲ್ಲಿ ಕೂತು ಇವರನ್ನು ನೋಡುತ್ತಾರೆ, ನಗು ನಿಲ್ಲುತ್ತದೆ. ಮರ್ಸಿಯ ಕೈ ತನ್ನಷ್ಟಕ್ಕೆ ಕೂದಲು ಸರಿಮಾಡಿಕೊಳ್ಳಲು ಮೇಲೆ ಹೋಗುತ್ತದೆ. ಸ್ವಾನ್ ಆ ಕೈಯನ್ನು ಹಿಡಿದು ಕೆಳಗಿಡುತ್ತಾನೆ. ಅಷ್ಟೆ. ಒಂದು ಮಾತಿಲ್ಲ. ಆ ಜೋಡಿಗಳು ಇಳಿದು ಹೋದಮೇಲೆ ಬಿದ್ದಿದ್ದ ಹೂವನ್ನು ಎತ್ತಿ ಅವಳಿಗೆ ಕೊಡುತ್ತಾನೆ. ಈ ದೃಶ್ಯವನ್ನು ಹಿಲ್ 2005ರಲ್ಲಿ ಮುಟ್ಟಿಲ್ಲ. ಹತ್ತು ಸಲ ಹಿಂದೆ ಮುಂದೆ ಓಡಿಸಿ ನೋಡಿದೆ. ಕೈ ಮೇಲೆದ್ದು ಕೆಳಗೆ ಬರುವ ಆ ಹೊತ್ತಿನಲ್ಲಿ ಒಂದು ಫ್ರೇಮ್ ತೆಗೆಯಲು ನನಗೆ ಜಾಗ ಸಿಗಲಿಲ್ಲ.

ವಾರ ಕಳೆದು ನಿರ್ದೇಶಕರು ಬಂದರು. ಗ್ರೀಕರ ಕಥೆ ಎಲ್ಲ ಹೇಳಲು ಹೋಗಲಿಲ್ಲ. ಅವರದ್ದೇ ಸಿನಿಮಾ ಹಾಕಿದೆ. ಅದರಲ್ಲಿ ಪೊಲೀಸ್ ಜೀಪಿನ ವಯರ್‌ಲೆಸ್ ಇದೆ. ಕಂಟ್ರೋಲ್ ರೂಮಿನ ದನಿಯೊಂದು ರಾತ್ರಿಯಿಡೀ ಅಲ್ಲಿ ನೋಡಿದೆವು, ಇಲ್ಲಿ ನೋಡಿದೆವು ಅನ್ನುತ್ತಿರುತ್ತದೆ, ಅರ್ಧ ಸುಳ್ಳು ಸುದ್ದಿ. 12 ವರ್ಷದ ಹಿಂದೆ ಮಿಕ್ಸಿಂಗಿನಲ್ಲಿ ಅದನ್ನು ಹಿನ್ನೆಲೆ ಸಂಗೀತದ ಕೆಳಗೆ ಮುಚ್ಚಿಬಿಟ್ಟಿದ್ದೆವು. ಸಂಗೀತ ಇಳಿಸಿ, ವಯರ್‌ಲೆಸ್ ಏರಿಸಿ, ಮೊದಲ 20 ನಿಮಿಷ ಕೇಳಿಸಿದೆ.

"ಇದು ಇತ್ತಾ ಸಾರ್ ಇದ್ರಲ್ಲಿ?" ಎಂದರು.

"ನೀವೇ ಬರೆದಿದ್ದು."

ಕಾರ್ಡುಗಳು ಅವತ್ತೇ ಹೋದವು. 14 ಸಾಲಿನಲ್ಲಿ 11 ಹೋಗಲು ಇನ್ನೂ ನಾಲ್ಕು ದಿನ ಬೇಕಾಯಿತು. ಉಳಿದ 3 ಸಾಲು ಇಲ್ಲದೆ ಆಗುವುದಿಲ್ಲ ಅಂತ ಅವರು, ಅವೂ ಬೇಡ ಅಂತ ನಾನು. ಅಸಿಸ್ಟೆಂಟ್ ಹುಡುಗ ಅವರ ಪಾರ್ಟಿ. ನಾಳೆ ಬೆಳಿಗ್ಗೆ ಹತ್ತಕ್ಕೆ ಮಿಕ್ಸಿಂಗ್ ಇದೆ.