ವಾಕಿಂಗ್ ಗುಂಪಿಗೊಂದು ಮೊಬೈಲ್ ನಕ್ಷೆ: ದಾರಿ ಕೆಡಿಸದ ಹಾಗೆ ಮಾಡುವುದು ಹೇಗೆ?

ಯಾರೋ ಒಬ್ಬರು ಭಾನುವಾರ ಬೆಳಿಗ್ಗೆ ನಡೆದ ದಾರಿಯನ್ನು ಮೊಬೈಲ್‌ನಲ್ಲಿ ದಾಖಲಿಸಿ ಗುಂಪಿಗೆ ಕಳಿಸುತ್ತಾರೆ. ಮುಂದಿನ ವಾರ ಉಳಿದವರೆಲ್ಲ ಅದೇ ಗೆರೆ ಹಿಡಿದು ಹೊರಡುತ್ತಾರೆ. ಮೊದಲನೆಯವರು ಫೋಟೊ ತೆಗೆಯಲು ಪೊದೆಯೊಳಗೆ ನುಗ್ಗಿದ್ದರೆ ಉಳಿದವರೂ ನುಗ್ಗುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ಹೊಸ ಕಾಲುದಾರಿ ಬಿದ್ದಿರುತ್ತದೆ. ಶಿವಮೊಗ್ಗದ ಸುತ್ತಮುತ್ತ ಇದು ಜಾಸ್ತಿಯಾಗಿದೆ. ಮುದ್ದಿನಕೊಪ್ಪ ಟ್ರೀ ಪಾರ್ಕ್ ಇರಲಿ, ನಿಮ್ಮ ಬಡಾವಣೆಯ ದೊಡ್ಡ ಉದ್ಯಾನ ಇರಲಿ, ಗುಂಪಿಗೆ ನಕ್ಷೆ ಮಾಡಿಕೊಡುವ ಆಸೆ ಇದ್ದರೆ ಹೀಗೆ ಮಾಡಿ.

ಮೊದಲು ಕೇಳಿ. ನಗರದ ಪಾರ್ಕ್ ಆದರೆ ಪಾಲಿಕೆಯವರನ್ನು, ಟ್ರೀ ಪಾರ್ಕ್ ಆದರೆ ಅರಣ್ಯ ಇಲಾಖೆಯವರನ್ನು. ಕಾಡಿನ ಚಾರಣಕ್ಕೆ ಹೋಗುವವರು ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಬುಕಿಂಗ್ ಇದೆಯಾ ನೋಡಿ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜಾತ್ರೆಯ ಹಾಗೆ ಜನ ನುಗ್ಗಿದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಕಡೆ ಗಟ್ಟಿಯಾಗಿ ಹೊರಳಿತು. ಅನುಮತಿ ಇಲ್ಲದ ದಾರಿಯ ನಕ್ಷೆ ಮಾಡಲೇಬೇಡಿ.

ಮನೆಯಲ್ಲೇ ನಕ್ಷೆ ಇಳಿಸಿಕೊಳ್ಳಿ. ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಎಸ್‌ಎಂಆಂಡ್ ಎಂಬ ಆ್ಯಪ್ ಸಾಕು. ನನ್ನ ಓಟು ಮೊದಲನೆಯದಕ್ಕೆ. ಜಾಹೀರಾತಿಲ್ಲ, ಹಿರಿಯರಿಗೂ ಬೇಗ ಅರ್ಥವಾಗುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ಕೆಲಸ ಮಾಡಲ್ಲ ಎಂದು ತುಂಬಾ ಜನ ನಂಬಿದ್ದಾರೆ. ಮಾಡುತ್ತದೆ. ನಕ್ಷೆ ಫೋನಿನಲ್ಲಿ ಇದ್ದರಾಯಿತು.

ಇನ್ನು ದಾಖಲಿಸುವುದು. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಫೋನಿನ ಬ್ಯಾಟರಿ ಸೆಟ್ಟಿಂಗ್‌ಗೆ ಹೋಗಿ ನಿಮ್ಮ ಆ್ಯಪ್‌ಗೆ ‘ನಿರ್ಬಂಧ ಬೇಡ’ ಎಂದು ಹೇಳಿ. ಇಲ್ಲದಿದ್ದರೆ ಪರದೆ ಆರಿದ ಸ್ವಲ್ಪ ಹೊತ್ತಿಗೆ ಕೆಲವು ಫೋನುಗಳು ಆ್ಯಪನ್ನೇ ಮಲಗಿಸಿಬಿಡುತ್ತವೆ. ಆಮೇಲೆ ಎಚ್ಚರವಾದಾಗ ಮಧ್ಯದ ದಾರಿಯೆಲ್ಲ ಒಂದೇ ನೇರ ಗೆರೆ. ಅದು ಕೆರೆಯ ಮೇಲೂ ಹಾದುಹೋಗಬಹುದು!

ಗೇಟಿನ ಹತ್ತಿರ ಬಯಲಿನಲ್ಲಿ ಒಂದೆರಡು ನಿಮಿಷ ಸುಮ್ನೆ ನಿಲ್ಲಿ. ಉಪಗ್ರಹಗಳು ಸಿಗಲಿ, ಆಮೇಲೆ ಶುರು ಮಾಡಿ. ತೆರೆದ ಆಕಾಶದ ಕೆಳಗೆ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಮರಗಳ ಕೆಳಗೆ ಇನ್ನೂ ಹೆಚ್ಚು ತಪ್ಪುತ್ತದೆ. ಎಲೆಗೆ, ಬಂಡೆಗೆ ತಾಗಿ ಸಿಗ್ನಲ್ ಸುತ್ತಿ ಬರುವುದೇ ಕಾರಣ. ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಫೋನ್ ಇಟ್ಟರೆ ನಿಮ್ಮ ಮೈಯೇ ಅಡ್ಡ. ಬ್ಯಾಗಿನ ಮೇಲ್ಗಡೆ ಅಥವಾ ಭುಜದ ಪಟ್ಟಿಗೆ ಸಿಕ್ಕಿಸಿ. ಹೋಗುವಾಗ ಒಂದು, ಬರುವಾಗ ಒಂದು ದಾಖಲೆ ಬೇಕೇ ಬೇಕು. ಎರಡೂ ಎಲ್ಲಿ ಕೂಡುತ್ತವೋ ಅಲ್ಲಿ ನಂಬಿ. ಎಲ್ಲಿ ಬೇರೆಯಾಗುತ್ತವೋ ಅಲ್ಲಿಗೆ ಮತ್ತೆ ಹೋಗಿ ನೋಡಿ.

ಚಹಾ ಕುಡಿಯಲು ಕೂತಾಗ ದಾಖಲೆಯನ್ನು ಸ್ವಲ್ಪ ಹೊತ್ತು ನಿಲ್ಲಿಸುವ ‘ಪಾಜ್’ ಬಟನ್ ಇದ್ದರೆ ಒತ್ತಿ. ಕೂತಲ್ಲೇ ಕೂತಿದ್ದರೂ ಜಿಪಿಎಸ್ ಸುತ್ತ ಗೀಚುತ್ತಿರುತ್ತದೆ. ಆ ಗೋಜಲನ್ನು ನೋಡಿದವರು ಅಲ್ಲೇನೋ ಇದೆ ಎಂದು ಹುಡುಕುತ್ತಾರೆ.

ಮಳೆಗಾಲದಲ್ಲಿ ಒಮ್ಮೆಯಾದರೂ ನಡೆಯಿರಿ. ಕೆಸರು ಇದ್ದಲ್ಲಿ ಜನ ಅಂಚಿಗೆ ಸರಿಯುತ್ತಾರೆ, ದಾರಿ ಅಗಲವಾಗುತ್ತಾ ಹೋಗುತ್ತದೆ. ಆದರೆ ನಿಮ್ಮ ಗೆರೆ ಮಧ್ಯದಲ್ಲೇ ಇರಲಿ. ಶೂ ಕೆಸರಾಗುತ್ತದೆ, ಆಗಲಿ ಬಿಡಿ. ಉಂಬಳಕ್ಕೆ ಸುಣ್ಣ, ಉಪ್ಪು ಇದ್ದೇ ಇದೆಯಲ್ಲ.

ಗೆರೆ ತಿದ್ದುವುದು. ಇದನ್ನು ಫೋನಿನಲ್ಲಿ ಮಾಡಬೇಡಿ, ಕಂಪ್ಯೂಟರ್‌ನಲ್ಲಿ ಮಾಡಿ. ಆ್ಯಪ್‌ನಿಂದ ದಾಖಲೆಯನ್ನು ಜಿಪಿಎಕ್ಸ್ ಫೈಲ್ (ದಾರಿಯ ಗೆರೆ ಇರುವ ಫೈಲ್) ಆಗಿ ಕಂಪ್ಯೂಟರ್‌ಗೆ ಕಳಿಸಿಕೊಳ್ಳಿ. ತಿದ್ದಲು ಜಿಪಿಎಕ್ಸ್ ಸ್ಟುಡಿಯೊ ಎಂಬ ತಾಣ ಉಚಿತ. ಪೊದೆಯೊಳಗೆ ಹೋದ ಬಾಲಗಳನ್ನು ಕತ್ತರಿಸಿ. ಮನೆಯಿಂದಲೇ ದಾಖಲೆ ಶುರು ಮಾಡಿದ್ದರೆ ಗೇಟಿನವರೆಗಿನ ಭಾಗವನ್ನೂ ತೆಗೆಯಿರಿ, ನಿಮ್ಮ ಮನೆ ಎಲ್ಲಿದೆ ಎಂದು ಊರಿಗೆಲ್ಲ ಯಾಕೆ ತೋರಿಸಬೇಕು?

ನಿಮ್ಮ ಗೆರೆ ಎಂದರೆ ಸಾಲಾಗಿ ಜೋಡಿಸಿದ ಬಿಂದುಗಳು. ಫೈಲ್ ಚಿಕ್ಕದು ಮಾಡಲು ಈ ಬಿಂದುಗಳನ್ನು ಕಡಿಮೆ ಮಾಡುವ ಆಯ್ಕೆ ಅಲ್ಲಿದೆ. ಅದನ್ನು ಜೋರಾಗಿ ಎಳೆದರೆ ದೊಡ್ಡ ಅನಾಹುತ. ಗುಡ್ಡದ ದಾರಿ ಅಂಕುಡೊಂಕಾಗಿ ಏರುತ್ತದೆ ಅಲ್ವಾ? ಬಿಂದು ಕಡಿಮೆಯಾದ ಹಾಗೆ ಆ ತಿರುವುಗಳು ಅಳಿಸಿ, ಗೆರೆ ನೇರವಾಗಿ ಇಳಿಜಾರಿನಲ್ಲಿ ಬಿದ್ದುಬಿಡುತ್ತದೆ. ನೋಡಿದವರು ‘ಓ, ಶಾರ್ಟ್‌ಕಟ್’ ಎಂದು ಇಳಿಯುತ್ತಾರೆ. ಹುಲ್ಲು ಸವೆದ ಜಾಗದಲ್ಲಿ ನಮ್ಮ ಮಳೆ ಸುಮ್ಮನಿರುತ್ತದೆಯೇ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುವ ಮಳೆ ಅದು. ನೀರು ನೇರ ಇಳಿದರೆ ವೇಗ ಜಾಸ್ತಿ, ಮಣ್ಣು ಕೊಚ್ಚಿ ಕೊರಕಲು ಬೀಳುತ್ತದೆ. ದಾರಿಯನ್ನು ಅಂಕುಡೊಂಕಾಗಿ ಮಾಡಿರುವುದೇ ಇದನ್ನು ತಪ್ಪಿಸಲು. ಹಾಗಾಗಿ ಪ್ರತಿ ತಿರುವಿನಲ್ಲೂ ಬಿಂದು ಉಳಿದಿದೆಯಾ ಎಂದು ಪೂರ್ತಿ ಹಿಗ್ಗಿಸಿ ನೋಡಿ. ಫೈಲ್ ದೊಡ್ಡದಾದರೂ ಚಿಂತೆಯಿಲ್ಲ.

ಗುರುತು ಹಾಕುವುದು. ಗೇಟು, ಕುಡಿಯುವ ನೀರು, ಶೌಚಾಲಯ, ಕಸದ ಬುಟ್ಟಿ, ವಾಪಸ್ ತಿರುಗಬೇಕಾದ ಜಾಗ. ಇಷ್ಟೇ. ಹಕ್ಕಿ ಗೂಡು, ಸೀತಾಳೆ ಹೂ, ಹೆಜ್ಜೇನು ಯಾವುದೂ ಬೇಡ. ಶ್ರೀಗಂಧದ ಮರವಂತೂ ಬೇಡವೇ ಬೇಡ, ಕಳ್ಳರಿಗೆ ವಿಳಾಸ ಕೊಟ್ಟಂತೆ. ಫೋಟೊದೊಳಗೂ ಜಾಗದ ವಿವರ ಅಡಗಿರುತ್ತದೆ, ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿಡಿ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಆ ವಿವರ ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಅಪರೂಪದ ಗಿಡ, ಪ್ರಾಣಿ ದಾಖಲಿಸಲೇಬೇಕು ಎನ್ನುವವರು ಐನ್ಯಾಚುರಲಿಸ್ಟ್ ಆ್ಯಪ್ ಬಳಸಿ, ಅದರಲ್ಲಿ ಜಾಗವನ್ನು ಮಸುಕು ಮಾಡುವ ಆಯ್ಕೆ ಇದೆ.

ಒಂದನ್ನು ಮಾತ್ರ ತಕ್ಷಣ, ನಿಖರ ಲೊಕೇಶನ್ ಸಮೇತ ತಿಳಿಸಿ: ಸತ್ತ ಮಂಗ. ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾಗಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ. ಹತ್ತಿರ ಹೋಗಬೇಡಿ, ಫೋಟೊಗೆಂದು ಬಗ್ಗಬೇಡಿ. ದೂರದಲ್ಲೇ ನಿಂತು ಲೊಕೇಶನ್ ಹಿಡಿದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಿ. ಗುಂಪಿನಲ್ಲಿ ಆ ಫೋನ್ ನಂಬರ್ ಮೊದಲೇ ಪಿನ್ ಮಾಡಿಡಿ.

ಗೇಟಿನಲ್ಲಿ ಕ್ಯೂಆರ್ ಕೋಡ್. ನಕ್ಷೆಯನ್ನು ಗೂಗಲ್ ಡ್ರೈವ್‌ಗೆ ಹಾಕಿ, ಅದರ ಲಿಂಕಿಗೆ ಕೋಡ್ ಮಾಡಿ. ‘ಡೈನಾಮಿಕ್’ ಕೋಡ್ (ತಾಣದವರ ಮೂಲಕ ಸುತ್ತಿ ನಿಮ್ಮ ಲಿಂಕಿಗೆ ಹೋಗುವಂಥದ್ದು) ಉಚಿತ ಎನ್ನುವ ತಾಣಗಳ ಸಹವಾಸ ಬೇಡ. ಟ್ರಯಲ್ ಮುಗಿದ ಮೇಲೆ ಸ್ಕ್ಯಾನ್ ಮಾಡಿದರೆ ‘ಹಣ ಕಟ್ಟಿ’ ಎಂಬ ಪುಟ ಬರುತ್ತದೆ. ಲಿಂಕ್ ನೇರವಾಗಿ ಕೋಡಿನೊಳಗೇ ಇರುವ ‘ಸ್ಟಾಟಿಕ್’ ಆರಿಸಿ. ಫ್ಲೆಕ್ಸ್‌ನಲ್ಲಿ ಮಾತ್ರ ಮುದ್ರಿಸಬೇಡಿ. ರಾಜ್ಯದಲ್ಲಿ 2016ರಿಂದ ಅದಕ್ಕೆ ನಿಷೇಧವಿದೆ, ಪರಿಸರದ ಬೋರ್ಡನ್ನೇ ಪ್ಲಾಸ್ಟಿಕ್‌ನಲ್ಲಿ ಮಾಡಿದರೆ ನಗುತ್ತಾರೆ. ತಗಡಿನ ಮೇಲೆ ಬಣ್ಣದಲ್ಲಿ ಬರೆಸಿ. ಕೋಡಿನ ಕೆಳಗೆ ಎರಡು ಸಾಲು ಸಾಕು: ‘ಗೆರೆ ಬಿಡಬೇಡಿ. ಸ್ಪೀಕರ್ ಬೇಡ.’

ಮಳೆಗಾಲ ಮುಗಿದ ಮೇಲೆ ದಾರಿ ಬದಲಾಗಿದ್ದರೆ ಮತ್ತೆ ದಾಖಲಿಸಿ. ಡ್ರೈವ್‌ನಲ್ಲಿ ಹಳೆಯ ಫೈಲ್ ಅಳಿಸಿ ಹೊಸದು ಹಾಕಿದರೆ ಲಿಂಕ್ ಬದಲಾಗಿ ಬೋರ್ಡ್ ವ್ಯರ್ಥ. ಅದೇ ಫೈಲಿನ ಆವೃತ್ತಿಗಳ ಮೆನುವಿಗೆ ಹೋಗಿ ಹೊಸ ಆವೃತ್ತಿ ಏರಿಸಿದರೆ ಹಳೆಯ ಕೋಡೇ ಹೊಸ ನಕ್ಷೆ ತೆರೆಯುತ್ತದೆ.